ನಾಲ್ಕನೆಯ ಒಪ್ಪಿಗೆ

ಅನ್ನಪೂರ್ಣಾಳ ಮದುವೆಗೆ ಅಪ್ಪನ ಒಪ್ಪಿಗೆ ಇರಲಿಲ್ಲ. ಉಳಿದ ಮೂವರದು ಇತ್ತು. ಅವ್ವ ಸುಂದರವ್ವ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಹೂಂ ಅಂದಿದ್ದಳು. ಹುಡುಗ ಯುವರಾಜನ ಅಪ್ಪ ಅವ್ವ, ಮಗನಿಗೆ ತಲೆಗೂದಲು ಉದುರುವ ಮೊದಲು ಯಾವಳಾದರೂ ಸರಿ ಅನ್ನುವ ಹಂತಕ್ಕೆ ಬಂದಿದ್ದರು. ಕ್ರೈಸ್ತ ಹುಡುಗಿಯೇ ಆಗಬೇಕಿತ್ತು ಅಂತ ಒಂದು ವಾರ ಮುಖ ಊದಿಸಿಕೊಂಡು ಅವರೂ ಹೂಂ ಅಂದರು.

ತಾಯಿ ಮಗಳು ನಂಬಿದ ಬಹಾಯಿ ಧರ್ಮದಲ್ಲಿ ಮದುವೆಗೆ ಬೇಕಾದದ್ದು ಹೆಚ್ಚಿಲ್ಲ. ಭಟ್ಟ ಬೇಡ, ಪಾದ್ರಿ ಬೇಡ, ಅಗ್ನಿ ಬೇಡ. ಹುಡುಗ ಹುಡುಗಿ ಇಬ್ಬರು ಸಾಕ್ಷಿಗಳ ಮುಂದೆ ಒಂದೊಂದು ವಾಕ್ಯ ಹೇಳಿದರೆ ಮುಗಿಯಿತು. ಆದರೆ ಅದಕ್ಕೂ ಮೊದಲು ಎರಡೂ ಕಡೆಯ ತಂದೆ ತಾಯಿಗಳಲ್ಲಿ ಬದುಕಿದ್ದವರೆಲ್ಲ ಒಪ್ಪಬೇಕು. ಅವರು ಯಾವ ಧರ್ಮದವರಾದರೂ ಸರಿ, ಕೂಡಿದ್ದರೂ ಸರಿ, ಅಗಲಿದ್ದರೂ ಸರಿ.

ಅಪ್ಪ ಅಮೋಘಸಿದ್ದಪ್ಪ ಬದುಕಿದ್ದ. ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ರಾಶಿ ಮಷಿನ್ ಇಟ್ಟುಕೊಂಡು, ಸುತ್ತಲ ಊರವರ ಜೋಳ ಕಡಲೆ ಒಕ್ಕಿ ಕೊಡುತ್ತ ಗಟ್ಟಿಮುಟ್ಟಾಗಿದ್ದ. ಹೆಂಡತಿ ಮತ್ತು ಮಗಳು ಬೈಲಹೊಂಗಲದಲ್ಲಿ ಇರುವುದು ಅವನಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗದಂತೆ ನೋಡಿಕೊಳ್ಳುವುದೇ ಸುಂದರವ್ವನ ಇಷ್ಟು ವರ್ಷದ ಮುಖ್ಯ ಉದ್ಯೋಗ. ಹೊಲಿಗೆ ಆಮೇಲಿನದು.

ಅವನು ಕುಡಿಯುವವನಲ್ಲ, ಒದರಾಡುವವನೂ ಅಲ್ಲ. ಊರಲ್ಲಿ ಅವನ ಬಗ್ಗೆ ಒಂದು ಕೆಟ್ಟ ಮಾತಿರಲಿಲ್ಲ. ಅನ್ನಪೂರ್ಣಾ ಐದನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅವ್ವ ಕಣಕ್ಕೆ ಬುತ್ತಿ ಒಯ್ಯುವುದು ತಡವಾಯಿತು. ಮಗಳು ಜೊತೆಗಿದ್ದಳು. ಅಪ್ಪ ಅವ್ವನ ಬಲಗೈ ಹಿಡಿದು, ಓಡುತ್ತಿದ್ದ ಮಷಿನ್ನಿನ ಬೆಲ್ಟಿನ ಹತ್ತಿರ ಒಯ್ದು, ಅಲ್ಲೇ ನಿಲ್ಲಿಸಿದ. ಬೆಲ್ಟಿಗೂ ಬೆರಳಿಗೂ ನಡುವೆ ಒಂದು ರೊಟ್ಟಿ ದಪ್ಪದಷ್ಟು ಜಾಗ. ಹಾಗೆ ಹಿಡಿದುಕೊಂಡೇ ಆಳುಗಳ ಜೊತೆ ಈ ಸಲದ ಕಡಲೆಯ ಕಾಳಿನ ಬಗ್ಗೆ ನಗುನಗುತ್ತ ಮಾತಾಡಿದ. ಆಳುಗಳು ಹೊಟ್ಟಿನ ಕಡೆ ನೋಡುತ್ತ ನಿಂತರು. ಆಮೇಲೆ ಕೈ ಬಿಟ್ಟು, "ಬುತ್ತಿ ಬಿಚ್ಚು," ಅಂದ.

ಅದು ಮೊದಲನೆಯದೂ ಅಲ್ಲ. ಆದರೆ ಅವ್ವ ಅದೇ ವಾರ ಜಾತ್ರೆಗೆ ತವರಿಗೆ ಹೋಗುತ್ತೇನೆಂದು ಮಗಳನ್ನು ಕಟ್ಟಿಕೊಂಡು ದೊಡವಾಡಕ್ಕೆ ಬಂದಳು, ಅಲ್ಲಿಂದ ಬೈಲಹೊಂಗಲಕ್ಕೆ. ಅಪ್ಪ ದೊಡವಾಡಕ್ಕೆ ಹುಡುಕಿಕೊಂಡು ಬಂದ. ಅಕ್ಕ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದಳು ಅಂತ ತಮ್ಮಂದಿರು ಸುಳ್ಳು ಹೇಳಿದರು. ಅವನು ಇಚಲಕರಂಜಿಗೂ ಹೋಗಿ ಬಂದು, ಅವರ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಸಿಗತಾಳ ಬಿಡ್ರಿ, ನನಗೇನ ಅವಸರಿಲ್ಲ," ಅಂದು ಹೋದನಂತೆ. ಆ ಮಾತು ಅವ್ವನ ಕಿವಿಗೆ ಬಿದ್ದ ದಿನದಿಂದ ಅವಳು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಹೋಗಲಿಲ್ಲ. ಯಾರದೇ ಮದುವೆ ಮುಂಜಿವೆಯಲ್ಲಿ ಕಾಣಿಸಿಕೊಳ್ಳಲಿಲ್ಲ.

ಬೈಲಹೊಂಗಲದಲ್ಲಿ ಅವರಿಗೆ ಮನೆ ಕೊಟ್ಟವರು ನೀಲಕಂಠ ಜೋಶಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪಂಚಾಂಗ ಹೇಳುವ ಮನೆತನದಲ್ಲಿ ಹುಟ್ಟಿ, ಕಾಲೇಜಿನ ದಿನಗಳಲ್ಲೇ ಬಹಾಯಿ ಆಗಿ, ಶ್ರಾದ್ಧದ ಊಟಕ್ಕೆ ಕರೆಸಿಕೊಳ್ಳುವ ಹಕ್ಕು ಕಳೆದುಕೊಂಡವರು. ಮೆಣಸಿನಕಾಯಿ ಅಡತಿ ಅಂಗಡಿಯ ಹಿಂದಿನ ಓಣಿಯಲ್ಲಿ ಅವರ ಹಳೆಯ ವಾಡೆ. ಅದರ ಮುಂದಿನ ಎರಡು ಖೋಲಿಯಲ್ಲಿ ತಾಯಿ ಮಗಳು. ಅವರ ಹೆಂಡತಿ ತಾರಾಬಾಯಿ ಸಂಜೆ ಹೊತ್ತು ಸುಂದರವ್ವನಿಗೆ ಪ್ರಾರ್ಥನೆ ಓದಿ ಹೇಳುತ್ತಿದ್ದರು. ಕೃಷ್ಣ, ಬುದ್ಧ, ಏಸು, ಮಹಮ್ಮದ, ಕೊನೆಗೆ ಬಹಾವುಲ್ಲಾ, ಎಲ್ಲರೂ ಒಂದೇ ಸೂರ್ಯನಿಗೆ ಹಿಡಿದ ಕನ್ನಡಿಗಳು ಅಂದಾಗ ಸುಂದರವ್ವ ಆಕಳಿಸಿದಳು. ಇನ್ನೊಬ್ಬರ ಬೆನ್ನ ಹಿಂದೆ ಅವರ ತಪ್ಪು ಎತ್ತಿ ಆಡುವುದು ಮಹಾಪಾಪ, ಅದು ಆತ್ಮದ ದೀಪ ಆರಿಸುತ್ತದೆ ಅಂದಾಗ ಎದ್ದು ಕೂತಳು.

"ಯಾರ ತಪ್ಪೂ ಹೇಳಬಾರದಂತೇನ್ರಿ ಬಾಯಿ?"

"ಯಾರದೂ ಹೇಳಬಾರದವಾ."

"ಗಂಡಂದೂ?"

ತಾರಾಬಾಯಿ ನಕ್ಕರು. "ಗಂಡಂದಂತೂ ಮೊದಲ ಬಿಡಬೇಕು. ಬಿಟ್ರ ನಮಗ ದಿನಪೂರ್ತಿ ಮಾತಾಡಲಿಕ್ಕೆ ಏನ ಉಳೀತದ ಅಂತ ನಾ ಬಿಟ್ಟಿಲ್ಲ, ಅಷ್ಟ."

ಸುಂದರವ್ವ ಬಹಾಯಿ ಆದದ್ದು ಆ ಕಾರಣಕ್ಕೆ. ಮಗಳಿಗೆ ಇದು ಆಮೇಲೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಿರುವುದನ್ನು ಪುಣ್ಯ ಅನ್ನುವ ಧರ್ಮ ಸಿಕ್ಕಿತ್ತು. ಹೆದರಿದವಳಿಗೆ ಅದಕ್ಕಿಂತ ಆಸರೆ ಏನು ಬೇಕು. ಹೊಂದಾಣಿಕೆ ಆಗಲಿಲ್ಲ ಅನ್ನುವ ಒಂದು ಮಾತು ಬಿಟ್ಟರೆ ಅವಳು ಗಂಡನ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಮಗಳ ಕೈಯಲ್ಲೂ ಆಣೆ ಮಾಡಿಸಿದ್ದಳು. ಭಾನುವಾರ ಅಂಗಳದಲ್ಲಿ ಓಣಿಯ ಮಕ್ಕಳನ್ನು ಕೂಡಿಸಿ ಹಾಡು, ಕಥೆ, ಒಳ್ಳೆಯ ನಡತೆ ಕಲಿಸುತ್ತಿದ್ದಳು. ಖರೆ ಹೇಳಬೇಕು, ಚಾಡಿ ಹೇಳಬಾರದು. ಆ ಎರಡು ಪಾಠ ಅವಳಿಗೆ ಬಾಯಿಪಾಠ ಆಗಿದ್ದವು.

ಅನ್ನಪೂರ್ಣಾ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳು. ಯುವರಾಜ ಪಕ್ಕದ ಖೋಲಿಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಒಂದು ಭಾನುವಾರ ಅವಳನ್ನು ತನ್ನ ಕ್ರೈಸ್ತ ಸಭೆಗೆ ಕರೆದೊಯ್ದ. ತಗಡಿನ ಮಾಡು, ಕೀಬೋರ್ಡು, ಡೋಲಕ್ಕು. ಹಾಡು ಮುಗಿದ ಮೇಲೆ, ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತು. ಚನ್ನವ್ವ ಅನ್ನುವ ಹೆಂಗಸು ಎದ್ದು ಮೈಕು ಹಿಡಿದು, ತನ್ನ ಗಂಡ ಯಮನಪ್ಪ ಹೇಗೆ ಕುಡಿದು ಬಂದು ಒನಕೆಯಲ್ಲಿ ಬಡಿಯುತ್ತಿದ್ದ, ಹೇಗೆ ಒಮ್ಮೆ ಕೂದಲು ಹಿಡಿದು ಬಾವಿಯ ತನಕ ಎಳೆದ, ಆಮೇಲೆ ಪ್ರಭು ಹೇಗೆ ಅವನನ್ನು ತಿದ್ದಿದ ಅಂತ ಒಂದೂ ಬಿಡದೆ ಹೇಳಿದಳು. ಯಮನಪ್ಪ ಗಂಡಸರ ಸಾಲಿನಲ್ಲೇ ಕೂತು ಕೇಳುತ್ತಿದ್ದ. ನಡುವೆ ಒಮ್ಮೆ, "ಬಾವಿ ಅಲ್ಲ, ಹಳ್ಳದತನಕ," ಅಂದ. ಮಂದಿ ಆಮೆನ್ ಅಂದರು.

ಹೊರಗೆ ಬಂದ ಅನ್ನಪೂರ್ಣಾ ತಿರುಗಿ ಮೈಕಿನ ಕಡೆಗೇ ನೋಡಿದಳು.

"ಎಲ್ಲಾರ ಮುಂದ ಹೇಳಿದಳಲ್ಲ," ಅಂದಳು.

"ಮತ್ತ? ಹೊಡದಂವ ಅಂವ. ಅಕಿಗ್ಯಾಕ ನಾಚಿಕಿ?"

"ನಮ್ಮಾಗ ಹಂಗ ಹೇಳಂಗಿಲ್ಲ. ಇನ್ನೊಬ್ಬರ ಪಾಪ ಆಡಬಾರದು. ನಮ್ಮ ಪಾಪಾನೂ ಮನಷ್ಯಾರ ಮುಂದ ಒಪ್ಪಿಸಬಾರದು. ದೇವರ ಮುಂದ ಅಷ್ಟ."

"ಪಾದ್ರಿ ಇಲ್ಲ, ನೀರಾಗ ಮುಳುಗೂದಿಲ್ಲ, ಶಿಲುಬಿ ಇಲ್ಲ, ಈಗ ಸಾಕ್ಷಿನೂ ಇಲ್ಲ. ಮತ್ತ ಐತೇನು ನಿಮ್ಮಾಗ?"

"ಅಪ್ಪನ ಒಪ್ಪಿಗಿ ಐತಿ."

ಯುವರಾಜ ನಕ್ಕ. ಅವನಿಗೆ ಅದು ತಮಾಷೆಯಾಗಿಯೇ ಕಂಡಿತ್ತು. ಅವಳು ಅಪ್ಪನ ಬಗ್ಗೆ ಅವನಿಗೂ ಹೇಳಿರಲಿಲ್ಲ. "ನಮ್ಮವ್ವ ಏನಂತಾಳ ಗೊತ್ತೈತೇನು? ಏಸು ಮೋಡದ ಮ್ಯಾಲ ಬರತಾನ ಅಂತ ನಾವು ಕಾಯಾಕ ಹತ್ತೇವಿ. ಈ ಹುಡುಗಿ ಮಂದಿ ಅಂತಾರ, ಅಂವ ಬಹಾವುಲ್ಲಾ ಆಗಿ ಇರಾನದಾಗ ಹುಟ್ಟಿ, ಕೈದಿ ಆಗಿ ಸತ್ತೂ ಹೋದ ಅಂತ. ಬಂದಿದ್ರ ನಮ್ಮ ಪಾಸ್ಟರಗರೆ ಒಂದ ಮಾತು ಹೇಳತಿದ್ದಿಲ್ಲೇನು ಅಂತಾಳ."

"ಮೊದಲನೇ ಸಲ ಬಂದಾಗರೆ ಯಾವ ಯಾಜಕಗ ಹೇಳಿ ಬಂದಿದ್ದ?"

"ಇದಕ್ಕ ಮಾತ್ರ ನಿನ್ನ ಬಾಯಿ ಜೋರೈತಿ. ಕೇಳಿಲ್ಲಿ. ಪಾಸ್ಟರ್ ನಿಮ್ಮಪ್ಪನ್ನ ಕೇಳಂಗಿಲ್ಲ. ಯಾರನ್ನೂ ಕೇಳಂಗಿಲ್ಲ. ನೀ ದೀಕ್ಷಾಸ್ನಾನ ತಗೊಂಡ್ರ ಮುಂದಿನ ತಿಂಗಳ ಲಗ್ನ."

"ಮುಳುಗೂ ಮೊದಲ ಏನ ಹೇಳಬೇಕು?"

"ಏಸು ಒಬ್ಬನ ದಾರಿ, ಬ್ಯಾರೆ ಯಾರೂ ಇಲ್ಲ ಅಂತ."

"ನನಗ ಹಂಗ ಅನಸಂಗಿಲ್ಲ. ಏಸುನೂ ಖರೇನ. ಒಬ್ಬನ ಅನ್ನೂದು ಖರೆ ಅಲ್ಲ."

"ಬಾಯಿಲೆ ಹೇಳು. ಅನಸೂದು ಆಮ್ಯಾಲ ಅನಸವಲ್ಲದ್ಯಾಕ."

ಅವಳಿಗೆ ಅದು ಆಗದ ಕೆಲಸ. ಮನೆಗೆ ಬಂದು ಅವ್ವನಿಗೆ ಹೇಳಿದಳು. ಅವ್ವ ಯಂತ್ರ ನಿಲ್ಲಿಸಿದಳು.

"ಮುಳುಗು," ಅಂದಳು.

"ಅವ್ವಾ, ಸುಳ್ಳ ಹೇಳಿ?"

"ನೀರು ತಲಿಮ್ಯಾಗ ಬಿದ್ದು ಹರದ ಹೋಗತೈತಿ. ನಿಮ್ಮಪ್ಪನ ಮನಿಗೆ ಹೋಗಬ್ಯಾಡ."

"ಭಾನವಾರ ಹುಡುಗರಿಗೆ ಏನ ಕಲಸತಿ ನೀನು?"

ಅವ್ವ ರವಿಕೆಯ ತೋಳು ತಿರುವಿ ಹಾಕಿ ಮತ್ತೆ ಹೊಲಿಯತೊಡಗಿದಳು, ತಪ್ಪು ಬದಿಯಿಂದ. ಅನ್ನಪೂರ್ಣಾಳಿಗೆ ಅದು ಕಂಡಿತು. ಆದರೂ ಅವಳು ಹಟ ಬಿಡಲಿಲ್ಲ. ತಾನು ಜಾಣೆ, ಜಾಗದ ಹೆಸರು ಹೇಳದೆ ಒಪ್ಪಿಗೆ ಮಾತ್ರ ತರಬಲ್ಲೆ ಅಂತ ಅವಳಿಗೆ ನಂಬಿಕೆ. ಫೋನು ಮಾಡಿದರೆ ನಂಬರು ಉಳಿಯುತ್ತದೆ. ಪತ್ರ ಬರೆದರೆ ಅಂಚೆಯ ಸಿಕ್ಕೆ ಉಳಿಯುತ್ತದೆ. ಹೋಗಿ, ಕೇಳಿ, ಬರುವುದೇ ಸುರಕ್ಷಿತ. ಒಪ್ಪಿಗೆಯನ್ನು ಕಿವಿಯಾರೆ ಕೇಳಲು ಬಹಾಯಿ ಸಭೆಯ ಪರವಾಗಿ ಒಬ್ಬರು ಬರಬೇಕಿತ್ತು. ನೀಲಕಂಠ ಸರ್ ಅಡಕೆ ಚೀಲ ಕಿಸೆಗೆ ಹಾಕಿಕೊಂಡು ಉತ್ಸಾಹದಿಂದ ಹೊರಟರು.

"ಸರ್, ಅಲ್ಲಿ ನಾನ ಮಾತಾಡತೇನಿ. ನೀವು ಸುಮ್ಮನ ಕುಂತ್ರ ಸಾಕು."

"ಹಂಗ ಆಗ್ಲಿ. ನಾ ಬರೇ ಕಿವಿ ಆಗಿ ಬರ್ತೀನಿ."

ಯಾಕೆ ಅಂತ ಅವರು ಕೇಳಲಿಲ್ಲ. ಅವಳು ಹೇಳಲಿಲ್ಲ.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ರಾಮದುರ್ಗದಲ್ಲಿ ಮತ್ತೊಮ್ಮೆ ಬದಲಿಸಿ ಅವರು ಸುರೇಬಾನಕ್ಕೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆಯ ಮುಂದೆ ಹಸಿರು ಬಣ್ಣದ ಹೊಸ ರಾಶಿ ಮಷಿನ್ ನಿಂತಿತ್ತು, ಹಳೆಯದಕ್ಕಿಂತ ದೊಡ್ಡದು. ಅಪ್ಪ ಅದರ ಕೆಳಗೆ ಕೂತು ಗ್ರೀಸ್ ಹಚ್ಚುತ್ತಿದ್ದ. ತಲೆ ನರೆತಿತ್ತು, ಹಣೆಯಲ್ಲಿ ಅರಿಶಿನದ ಭಂಡಾರ. ಅವಳನ್ನು ನೋಡಿ ಒಂದು ಕ್ಷಣವೂ ತಡಮಾಡಲಿಲ್ಲ.

"ಅನ್ನಿ," ಅಂದ. "ಎಷ್ಟ ಎತ್ತರ ಆಗೀಯವಾ. ಬರ್ರಿ ಸರ, ಕುಂಡರ್ರಿ. ಸಿದ್ದಲಿಂಗವ್ವಾ, ಚಾ ಇಡು. ಮಗಳು ಬಂದಾಳ."

ಒಳಗಿಂದ ಒಬ್ಬ ಹೆಂಗಸು ನೀರು ತಂದಿಟ್ಟಳು. ಅನ್ನಪೂರ್ಣಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತಲೆ ಎತ್ತಲಿಲ್ಲ. ಅಪ್ಪ ಅವಳನ್ನು ಮನೆಯವಳು ಅಂದ, ಅಷ್ಟೇ.

ಅನ್ನಪೂರ್ಣಾ ಬಾಯಿಪಾಠ ಮಾಡಿ ಬಂದದ್ದನ್ನು ಹೇಳಿದಳು. ಮದುವೆ, ಹುಡುಗ, ಕೆಲಸ, ಒಪ್ಪಿಗೆ. ಅಪ್ಪ ಗ್ರೀಸಿನ ಕೈ ಅರಿವೆಗೆ ಒರೆಸಿಕೊಳ್ಳುತ್ತ, ಬೆರಳು ಬೆರಳಿನ ನಡುವೆ ಒರೆಸಿಕೊಳ್ಳುತ್ತ ಕೇಳಿದ.

"ಹುಡುಗ ಕಿರಿಸ್ತಾನರಂವ. ನೀವೂ ಕಿರಿಸ್ತಾನರ ಆಗೀರೇನು?"

"ಅಲ್ಲ. ಬಹಾಯಿ ಅಂತ. ಬ್ಯಾರೆ."

"ಏನ ಬ್ಯಾರೆ? ಅವರದೂ ಹೊರಗಿಂದು, ಇದೂ ಹೊರಗಿಂದು."

ನೀಲಕಂಠ ಸರ್‌ಗೆ ತಡೆಯಲಾಗಲಿಲ್ಲ. ಪಾಠ ಮಾಡಿದ ಜೀವ. "ಅವರು ಏಸು ಕಡೀ ಮಾತು ಅಂತಾರ್ರೀ. ನಾವು ಏಸುನ್ನೂ ಮಾನಸ್ತೀವಿ, ಕೃಷ್ಣನ್ನೂ ಮಾನಸ್ತೀವಿ. ಒಬ್ಬರ ಆದ ಮ್ಯಾಲೆ ಒಬ್ಬರು ಮಾಸ್ತರು ಬಂದಂಗ. ಅವರಲ್ಲೆ ಪಾದ್ರಿ ಇದ್ದಾರ, ನಮ್ಮಲ್ಲೆ ಇಲ್ಲ. ಅವರಲ್ಲೆ ಹುಡುಗ ಹುಡುಗಿ ಒಪ್ಪಿದ್ರ ಸಾಕು. ನಮ್ಮಲ್ಲೆ ಹೆತ್ತವರು ಒಪ್ಪಲೇಬೇಕು. ಎರಡು ಮನೆತನ ಒಡೀಬಾರದು, ಕೂಡಬೇಕು ಅಂತ."

"ಹೆತ್ತಂವ ಎಲ್ಲೇ ಇದ್ರೂ?"

"ಎಲ್ಲೇ ಇದ್ರೂ."

ಅಪ್ಪ ಬಹಳ ಹೊತ್ತು ತಲೆಯಾಡಿಸಿದ. "ಪಾದ್ರಿ ಕೇಳಾಕ ಬರಂಗಿಲ್ಲ. ನೀವು ಬಸ್ಸ ಹತ್ತಿ ಬಂದ್ರಿ. ನಿಮ್ಮ ಧರ್ಮ ದೊಡ್ಡದ್ರಿ ಸರ. ಅಪ್ಪನ ಹಕ್ಕು ಅದಕ್ಕ ಗೊತ್ತೈತಿ."

ನೀಲಕಂಠ ಸರ್ ಸಂತೋಷದಿಂದ ಅವಳ ಕಡೆ ನೋಡಿದರು. ಅಪ್ಪ ಅವ್ವನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಕೇಳಿದ್ದರೆ ಅನ್ನಪೂರ್ಣಾಳ ಹತ್ತಿರ ಉತ್ತರ ಇತ್ತು: ಅದನ್ನ ಹೇಳಂಗಿಲ್ಲ.

ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತು, "ತಂಗಿ, ಕೈಕಾಲ ತೊಳಕೋ ಬಾ," ಅಂದಳು. ಹೋಗದೆ ಇದ್ದರೆ ಸರಿ ಕಾಣುವುದಿಲ್ಲ. ಅನ್ನಪೂರ್ಣಾ ಹಿತ್ತಲಿಗೆ ಹೋದಳು. ಸಿದ್ದಲಿಂಗವ್ವ ಬಕೆಟ್ಟಿಗೆ ನೀರು ಬಿಟ್ಟು, ನೀರಿನ ಸಪ್ಪಳ ಜೋರಾದ ಮೇಲೆ ಮೊದಲ ಸಲ ತಲೆ ಎತ್ತಿದಳು.

"ನಿಮ್ಮವ್ವ ಎಲ್ಲಿದಾಳ ಅಂತ ಹೇಳಬ್ಯಾಡ. ಏನ ಕೇಳಿದ್ರೂ ಹೇಳಬ್ಯಾಡ."

"ಹೇಳಂಗಿಲ್ಲ."

"ಅಂವ ದಿನಾ ಅಕಿ ಹೆಸರ ತಗೀತಾನ. ಸಿಟ್ಟಲೆ ಅಲ್ಲ. ದೇವರ ಹೆಸರ ತಗದಂಗ." ಅವಳು ಎಡಗೈ ನೀರಿಗೆ ಒಡ್ಡಿದಳು. ಎರಡು ಬೆರಳು ಮಡಚುತ್ತಿರಲಿಲ್ಲ. "ಅಕಿ ಸಿಗಲಿಲ್ಲಂತ ಇದು. ಸಿಕ್ರ ಏನೋ ನನಗ ಗೊತ್ತಿಲ್ಲ. ನೀ ಯಾಕ ಬಂದಿ?"

ಅನ್ನಪೂರ್ಣಾ ಮುಖ ತೊಳೆಯದೆ ಅಂಗಳಕ್ಕೆ ಓಡಿದಳು. ಅಪ್ಪ ಮತ್ತು ಸರ್ ಎದ್ದು ನಿಂತಿದ್ದರು. ಇಬ್ಬರ ಮುಖದಲ್ಲೂ ನಗು.

"ಒಪ್ಪೇನವಾ," ಅಂದ ಅಪ್ಪ. "ಸರ ಸಾಕ್ಷಿ. ಅಮೋಘಸಿದ್ದನ ಆಣಿ, ನನ್ನ ಪೂರಾ ಒಪ್ಪಿಗಿ ಐತಿ." ಬಾಗಿಲ ತನಕ ಕಳಿಸಲು ಬಂದ. ಅವರು ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದ: "ಮೆಣಸಿನಕಾಯಿ ಅಡತಿ ಹಿಂದ ಅಂದ್ರ ಸಣ್ಣ ಓಣಿ ಅಲ್ರಿ ಸರ? ಗಾಡಿ ಒಳಗ ಬರತೈತೋ ಇಲ್ಲೋ?"

"ಸೈಕಲ್ ಮೋಟರ್ ಬರ್ತದ್ರೀ," ಅಂದರು ನೀಲಕಂಠ ಸರ್.

ಅನ್ನಪೂರ್ಣಾ ಸರ್‌ಗಿಂತ ಮುಂದಾಗಿ ಬಸ್ ನಿಲ್ದಾಣದ ಕಡೆ ನಡೆದಳು. ರಾಮದುರ್ಗದ ಬಸ್ಸು ಹತ್ತಿ, ಕಿಟಕಿಯ ಸರಳು ಹಿಡಿದುಕೊಂಡು ಕೇಳಿದಳು.

"ಯಾಕ ಹೇಳಿದ್ರಿ ಸರ್?"

"ಏನವಾ?"

"ಮನಿ ಎಲ್ಲೈತಿ ಅಂತ."

"ಕೇಳಿದ್ರು. ಸುಂದರವ್ವಾರು ಎಲ್ಲಿರ್ತಾರ, ಆರಾಮ ಇದ್ದಾರೇನು ಅಂದ್ರು. ಕಣ್ಣಾಗ ನೀರಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅನ್ನಲೇನು?"

ಅವಳು ಆಗ ಹೇಳಿದಳು. ಆಣೆ ಮುರಿದು, ಮಷಿನ್ನಿನ ಬೆಲ್ಟಿನಿಂದ ಹಿಡಿದು ಸಿದ್ದಲಿಂಗವ್ವನ ಬೆರಳಿನ ತನಕ, ಚನ್ನವ್ವ ಮೈಕಿನಲ್ಲಿ ಹೇಳಿದ ಹಾಗೆ ಒಂದೂ ಬಿಡದೆ. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. ಅವಳು ನಿಲ್ಲಿಸಲಿಲ್ಲ. ನೀಲಕಂಠ ಸರ್ ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನಮ್ಮ ಸಭೆಗೆ ಹೇಳೂದು ಚಾಡಿ ಅಲ್ಲ, ಅನ್ನಪೂರ್ಣಾ," ಅಂದರು ಕೊನೆಗೆ. "ಇಂಥಾದ್ದಕ್ಕ ಸಭೆ ಅದ. ಇದೆಲ್ಲಾ ಬರದು ಮ್ಯಾಲಿನವರಿಗೆ ಕೇಳಿದ್ರ ಇಂಥಾ ಅಪ್ಪನ ಒಪ್ಪಿಗೆ ಬೇಕಿಲ್ಲ ಅಂತ ಬಿಡಬಹುದಿತ್ತು. ಹಂಗೂ ದಾರಿ ಅದ. ನೀವು ಯಾರೂ ಒಂದ ಮಾತು..."

"ಚಾಡಿ ಹೇಳಬಾರದು ಅಂತ ನಿಮ್ಮ ಮನ್ಯಾಗ ಕಲಸಿದ್ದು ಸರ್."

ಅವಳು ಅವ್ವನಿಗೆ ಫೋನು ಮಾಡಿದಳು. ಅವ್ವ ಎತ್ತಿದಳು. ಹಿಂದೆ ಹೊಲಿಗೆ ಯಂತ್ರದ ಸಪ್ಪಳ.

"ಅವ್ವಾ, ಅಂವಗ ಗೊತ್ತಾತು."

ಯಂತ್ರ ನಿಂತಿತು.

"ಓಣಿ?"

"ಓಣಿನೂ."

ಅವ್ವ ಬೈಯಲಿಲ್ಲ, ಅಳಲಿಲ್ಲ. ಬಾಗಿಲಿನ ಚಿಲಕ ಹಾಕಿದ ಸದ್ದು ಕೇಳಿಸಿತು. "ಯುವರಾಜನ ಮನಿಗೆ ಹೋಗು," ಅಂದಳು ಅನ್ನಪೂರ್ಣಾ. "ನಾ ಫೋನ್ ಮಾಡತೇನಿ, ಅಂವ ಬಂದು ಕರಕೊಂಡ ಹೋಗತಾನ."

"ಅಲ್ಲೂ ಬರತಾನ. ಬೀಗರ ಮನಿ ಕೇಳಾಕ ಅಂವಗ ಈಗ ನೀವ ಹಕ್ಕ ಕೊಟ್ಟೀರಿ. ಕೇಳು. ನೀ ಬರೂದ್ರಾಗ ನಾ ಇಲ್ಲಿ ಇರಂಗಿಲ್ಲ. ಎಲ್ಲಿ ಅಂತ ಕೇಳಬ್ಯಾಡ. ನಿನಗ ಗೊತ್ತಿದ್ರ ಅಂವಗ ಗೊತ್ತಾಗತೈತಿ."

"ನಾ ಹೇಳಂಗಿಲ್ಲ ಅವ್ವಾ."

"ನೀ ಹೇಳಂಗಿಲ್ಲ. ಮಾರಿ ಹೇಳತೈತಿ. ಸುಳ್ಳ ಹೇಳೂದನ್ನ ನಾ ನಿನಗ ಕಲಿಸಿಲ್ಲ. ಅದೊಂದ ತಪ್ಪಾತು."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಅವಳು ಯುವರಾಜನಿಗೆ ಮಾಡಿದಳು. ಅವನು ಒಂದು ಮುರಿದ ಮೊಣಕಾಲನ್ನು ಎಕ್ಸ್‌ರೇ ಮೇಜಿನ ಮೇಲೆ ಹಾಗೇ ಬಿಟ್ಟು ಓಡುತ್ತೇನೆ ಅಂದ. ನೀಲಕಂಠ ಸರ್ ಪೊಲೀಸರಿಗೆ ಹೇಳೋಣವೇ ಅಂದರು.

"ಏನಂತ ಹೇಳೂದು? ಗಂಡ ಹೆಂಡತೀನ್ನ ಮಾತಾಡಸಾಕ ಹೊಂಟಾನ ಅಂತ? ವಿಳಾಸ ನಾವ ಕೊಟ್ಟೇವಿ ಅಂತ?"

ಯರಗಟ್ಟಿಯಲ್ಲಿ ಬೈಲಹೊಂಗಲದ ಬಸ್ಸು ಬಂದಿರಲಿಲ್ಲ. ಕಾಯುವವರು ಬಹಳ. ಅನ್ನಪೂರ್ಣಾ ರಸ್ತೆಯ ಕಡೆಗೇ ನೋಡುತ್ತ ನಿಂತಳು. ಸಂತೆಯ ಗಾಡಿಗಳ ನಡುವಿಂದ ಒಂದು ಮೋಟರ್ ಸೈಕಲ್ ನಿಧಾನವಾಗಿ ಬಂತು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಧೋತರ, ಹೊಸದಾಗಿ ಹಚ್ಚಿದ ಭಂಡಾರ. ಅಪ್ಪ ಜಳಕ ಮಾಡಿ ಹೊರಟಿದ್ದ. ಅವರ ಮುಂದೆಯೇ ಗಾಡಿ ನಿಲ್ಲಿಸಿದ.

"ಬಸ್ ತಡಾ ಆತೇನ್ರಿ ಸರ?"

ನೀಲಕಂಠ ಸರ್ ಅನ್ನಪೂರ್ಣಾಳ ಕಡೆಗೆ ಒಂದು ಹೆಜ್ಜೆ ಸರಿದರು.

"ನಾ ಮುಂದ ಹೋಗಿರತೇನಿ. ಮಗಳ ಲಗ್ನ ಅಂದ ಮ್ಯಾಲ ಅಕಿ ಕೂಡ ಕುಂತು ಮಾತಾಡಬೇಕಾಗತೈತಿ." ಹಿಂದಿನ ಸೀಟಿನ ಧೂಳು ಅಂಗೈಯಿಂದ ಒರೆಸಿದ. "ಅನ್ನಿ, ಹತ್ತು. ಬಸ್ಸಿನ್ಯಾಗ ಯಾಕ ಧಕ್ಕಾ ತಿಂತಿ."

"ಒಲ್ಲೆ."

"ಅಂಜತಿ?"

ಅವಳು ಸುಳ್ಳು ಹೇಳಲಿಲ್ಲ. "ಅಂಜತೇನಿ," ಅಂದಳು.

ಅವನಿಗೆ ಖುಷಿಯಾಯಿತು. ಅದು ಅವನ ಮುಖದಲ್ಲಿ ನೇರವಾಗಿ ಕಂಡಿತು. ಗಾಡಿ ಚಾಲೂ ಮಾಡಿ, ಎಮ್ಮೆಗಳಿಗೆ ದಾರಿ ಬಿಟ್ಟುಕೊಟ್ಟು, ಬೈಲಹೊಂಗಲಕ್ಕೆ ಹೋಗುವ ಮುರಗೋಡದ ರಸ್ತೆ ಹಿಡಿದ.

ಬಸ್ಸು ಬರುವ ತನಕ, ಬಂದ ಮೇಲೆ ಅದು ಪ್ರತಿ ಊರಿಗೂ ನಿಲ್ಲುವಾಗ, ಅವಳು ಅವ್ವನ ನಂಬರು ಒತ್ತುತ್ತಲೇ ಇದ್ದಳು. ಯುವರಾಜ ಒಮ್ಮೆ ಫೋನು ಮಾಡಿ, ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ ಅಂದ. ಅವಳಿಗೆ ಒಂದು ಕ್ಷಣ ಉಸಿರು ಬಂತು. ಮತ್ತೊಂದು ಕ್ಷಣಕ್ಕೆ, ಅವ್ವ ಹೋದ ದಾರಿಯಲ್ಲೇ ಅಪ್ಪ ಎದುರಾಗಿದ್ದರೆ ಅನ್ನಿಸಿತು. ಆ ಯೋಚನೆ ಬಂದ ಮೇಲೆ ಅವಳು ಕಿಟಕಿಯಿಂದ ಹೊರಗೆ ನೋಡುವುದನ್ನು ಬಿಟ್ಟಳು.

ಓಣಿಗೆ ಬಂದಾಗ ವಾಡೆಯ ಮುಂದೆ ಮೋಟರ್ ಸೈಕಲ್ ನೆಟ್ಟಗೆ ನಿಂತಿತ್ತು. ಅಪ್ಪ ಪಡಸಾಲೆಯಲ್ಲಿ ನೀಲಕಂಠ ಸರ್ ಕೂರುವ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಕೈಯಲ್ಲಿ ತಾರಾಬಾಯಿ ಕೊಟ್ಟ ಅವಲಕ್ಕಿ. ಎದುರಿಗೆ ಕಟ್ಟೆಯ ಮೇಲೆ ಓಣಿಯ ನಾಲ್ಕು ಮಂದಿ ಹೆಂಗಸರು. ಯುವರಾಜ ಖೋಲಿಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಅಳಿಯ ಚಲೋ ಅದಾನ," ಅಂದ ಅಪ್ಪ. "ಮಾತ ಕಮ್ಮಿ." ತಟ್ಟೆ ಕೆಳಗಿಟ್ಟ. "ಅವ್ವ ಎಲ್ಲಿ?"

"ಗೊತ್ತಿಲ್ಲ."

ಅವನು ಎದ್ದು ಬಂದು ಅವಳ ಮುಖವನ್ನು ಹತ್ತಿರದಿಂದ ನೋಡಿದ. ಕಾಳು ಒಣಗಿದೆಯೋ ಇಲ್ಲವೋ ಅಂತ ನೋಡುವ ಹಾಗೆ. ಯುವರಾಜ ಮುಂದೆ ಬಂದ. ಅಪ್ಪ ಅವನ ಕಡೆ ತಿರುಗಲೂ ಇಲ್ಲ.

"ಖರೇನ ಗೊತ್ತಿಲ್ಲ," ಅಂದ. "ನಿಮ್ಮಾಗ ಸುಳ್ಳ ಹೇಳಂಗಿಲ್ಲ ಅಂತ ಸರ ಹೇಳ್ಯಾರ." ಕಟ್ಟೆಯ ಹೆಂಗಸರಿಗೆ ಕೇಳುವಷ್ಟು ಜೋರಾಗಿ, ಬೇಸರದ ದನಿಯಲ್ಲಿ ಮುಂದುವರಿಸಿದ. "ನೋಡ್ರಿ ಯವ್ವಾ. ಗಂಡನ್ನ ಬಿಟ್ಟು ಬಂದು ಇಲ್ಲಿ ಕಿರಿಸ್ತಾನರ ಸಾಲಿ ನಡಸ್ಯಾಳ. ನಿಮ್ಮ ಹುಡುಗರನ್ನ ಕಳಸೀರಿ. ನನಗ ಗೊತ್ತಿದ್ರ ಮೊದಲ ಬಂದು ಹೇಳತಿದ್ದೆ."

"ನಾವು ಕ್ರೈಸ್ತರಲ್ರೀ," ಅಂದರು ತಾರಾಬಾಯಿ. ಯಾರೂ ಅವರ ಕಡೆ ನೋಡಲಿಲ್ಲ.

ಅವನು ಯುವರಾಜನ ಪಕ್ಕದಿಂದ ಖೋಲಿಯ ಒಳಗೆ ಹೊರಟ. ಯುವರಾಜ ಅವನ ತೋಳು ಹಿಡಿದ. ಅಪ್ಪ ಹಿಡಿದ ಕೈಯನ್ನು ನೋಡಿ, "ಅಳಿಯಾಂದ್ರು, ಇನ್ನೂ ಲಗ್ನ ಆಗಿಲ್ಲ," ಅಂದ. ಯುವರಾಜ ಬಿಟ್ಟ. ಯಾಕೆ ಬಿಟ್ಟೆ ಅಂತ ಅವನಿಗೆ ಆಮೇಲೂ ಗೊತ್ತಾಗಲಿಲ್ಲ. ಅಪ್ಪ ಹೊಲಿಗೆ ಯಂತ್ರದ ತಿರುಪು ಬಿಚ್ಚಿ, ಮೇಲಿನ ಭಾಗವನ್ನು ಕಾಲಿನ ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದ. ಸೂಜಿಯಲ್ಲಿ ಇನ್ನೂ ಕೆಂಪು ದಾರ ಇತ್ತು. ಅದನ್ನು ಹಗ್ಗದಿಂದ ಮೋಟರ್ ಸೈಕಲ್ಲಿನ ಹಿಂದಿನ ಸೀಟಿಗೆ ಗಟ್ಟಿಯಾಗಿ ಕಟ್ಟಿದ.

"ಇದರ ಸಲುವಾಗಿ ಬಂದ್ರೂ ಬಂದಾಳು. ಸರ, ನನ್ನ ಒಪ್ಪಿಗಿ ವಾಪಸ್ ತಗೊಂಡೇನಿ. ಅಕಿ ಮನಿಗೆ ಬಂದ ದಿನ ತಿರಗಿ ಕೊಡತೇನಿ. ನಿಮ್ಮ ಧರ್ಮದಾಗ ಹಂಗ ನಡೀತೈತಲ್ರಿ?"

ನೀಲಕಂಠ ಸರ್ ನೆಲ ನೋಡಿದರು. ನಡೆಯುತ್ತಿತ್ತು. ಅದರ ಬಗ್ಗೆಯೂ ಅವರು ಸುಳ್ಳು ಹೇಳಲಾರರು.

"ತಗೋರಿ," ಅಂದಳು ಅನ್ನಪೂರ್ಣಾ. "ಒಯ್ರಿ. ಅದನ್ನೂ ಒಯ್ರಿ."

"ನನಗೇನ ಅವಸರಿಲ್ಲವಾ," ಅಂದು ಅವನು ಗಾಡಿ ತಿರುಗಿಸಿದ.

ಮರುದಿನ ಪೊಲೀಸರು ನಾಪತ್ತೆ ಅಂತ ಬರೆದುಕೊಂಡರು. ದೊಡವಾಡದ ತಮ್ಮಂದಿರಿಗೆ ಗೊತ್ತಿರಲಿಲ್ಲ. ಕಿತ್ತೂರಿನಲ್ಲಿ ಅವಳಂಥ ಒಬ್ಬಳು ಹೆದ್ದಾರಿಯ ಬಸ್ಸು ಹತ್ತಿದ್ದನ್ನು ಕಂಡೆ ಅಂತ ಯಾರೋ ಅಂದರು, ಆಮೇಲೆ ಅದೂ ಅವಳಲ್ಲ ಅಂದರು. ಯುವರಾಜ ದಿನಾ ಬಂದು ಪಡಸಾಲೆಯಲ್ಲಿ ಕೂತು ಹೋಗುತ್ತಿದ್ದ. ದೀಕ್ಷಾಸ್ನಾನದ ದಾರಿ ಇನ್ನೂ ಇದೆ ಅಂತ ಒಮ್ಮೆ ಅಂದ, ಎರಡನೆಯ ಸಲ ಅನ್ನಲಿಲ್ಲ. ನೀಲಕಂಠ ಸರ್ ಮೇಲಿನ ಸಭೆಗೆ ಎಲ್ಲ ಬರೆದರು. ಉತ್ತರ ಬರಬೇಕು. ಫೋನು ರಿಂಗಾದಾಗಲೆಲ್ಲ ಅನ್ನಪೂರ್ಣಾ ಓಡಿ ಎತ್ತುತ್ತಾಳೆ. ಅದು ಅವ್ವನದಾಗಿರಬಾರದು ಅಂತಲೂ ಅನ್ನಿಸುತ್ತದೆ. ಎಲ್ಲಿದ್ದೇನೆ ಅಂತ ಅವಳು ಹೇಳಿಬಿಟ್ಟರೆ ಆಮೇಲೆ ಕೇಳಿದವರಿಗೆ ಏನು ಹೇಳುವುದು.

ಹೋದದ್ದು ಇಷ್ಟು. ಹೊಲಿಗೆ ಯಂತ್ರ ಒಂದು. ಒಪ್ಪಿಗೆ ಒಂದು. ಭಾನುವಾರದ ತರಗತಿಯ ಮಕ್ಕಳು ಒಂಬತ್ತು. ತಾಯಿ ಒಬ್ಬಳು.